ವಾರ್ಡಿನ ಒಂದೊಂದು ಮಂಚಕ್ಕೂ ಒಂದೊಂದು ಹೆಸರು: ಮಕ್ಕಳ ಕ್ಯಾನ್ಸರಿನ ವಿಧಗಳು

ಪ್ರಶ್ನೆ: ನನ್ನ ಅಕ್ಕನ ಮಗನಿಗೆ ನಾಲ್ಕೂವರೆ ವರ್ಷ. ಒಂದು ತಿಂಗಳಿನಿಂದ ಬಿಟ್ಟು ಬಿಟ್ಟು ಜ್ವರ, ಕಾಲು ನೋವೆಂದು ಅಳು, ಮೈಮೇಲೆ ಅಲ್ಲಲ್ಲಿ ನೀಲಿ ಕಲೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೂಳೆಮಜ್ಜೆಯ ಪರೀಕ್ಷೆ ಮಾಡಿ ‘ಬಿ-ಸೆಲ್ ಎ.ಎಲ್.ಎಲ್.’ ಎಂದಿದ್ದಾರೆ. ಅದೇ ವಾರ್ಡಿನಲ್ಲಿ ಒಂದು ಮಗುವಿಗೆ ಕಿಡ್ನಿಯಲ್ಲಿ, ಇನ್ನೊಂದಕ್ಕೆ ಕಣ್ಣಿನಲ್ಲಿ, ಮತ್ತೊಬ್ಬ ಹುಡುಗನಿಗೆ ಮಂಡಿಯ ಹತ್ತಿರದ ಮೂಳೆಯಲ್ಲಿ ಕ್ಯಾನ್ಸರ್ ಇದೆ. ಒಬ್ಬೊಬ್ಬರಿಗೆ ಒಂದೊಂದು ಔಷಧ, ಒಂದೊಂದು ಅವಧಿ. ನಮ್ಮ ತಂದೆ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡವರು. ಹಾಗಾಗಿ ಇದು ವಂಶದಲ್ಲೇ ಇದೆಯೆ, ಈಗ ಯಾವ ಸ್ಟೇಜ್, ಒಂದೂವರೆ ವರ್ಷದ ಅವನ ತಂಗಿಗೂ ಪರೀಕ್ಷೆ ಮಾಡಿಸಬೇಕೆ ಎಂದು ಅಕ್ಕ ಕೇಳುತ್ತಿದ್ದಾಳೆ. ಮಕ್ಕಳ ಕ್ಯಾನ್ಸರಿನಲ್ಲಿ ಎಷ್ಟು ವಿಧಗಳಿವೆ, ಅವು ಒಂದಕ್ಕಿಂತ ಒಂದು ಹೇಗೆ ಬೇರೆ ಎಂಬುದನ್ನು ವಿವರಿಸುವಿರಾ?
— ಬಸವೇಶ್ವರನಗರದ ಓದುಗರೊಬ್ಬರು

ಉತ್ತರ: ನಿಮ್ಮ ತಂದೆಯವರಿಗೆ ಬಂದದ್ದಕ್ಕೂ ನಿಮ್ಮ ಅಕ್ಕನ ಮಗನಿಗೆ ಬಂದಿರುವುದಕ್ಕೂ ‘ಕ್ಯಾನ್ಸರ್’ ಎಂಬ ಪದವೊಂದನ್ನು ಬಿಟ್ಟರೆ ಹೆಚ್ಚಿನ ಸಂಬಂಧವಿಲ್ಲ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಮನೆಯ ಹಿರಿಯರೊಬ್ಬರ ಕಾಯಿಲೆಯನ್ನು ಕಣ್ಣಾರೆ ಕಂಡ ಕುಟುಂಬಗಳು ಮಗುವಿನ ಕಾಯಿಲೆಯನ್ನೂ ಅದೇ ಅಳತೆಗೋಲಿನಿಂದ ಅಳೆಯುತ್ತವೆ. ಆ ಲೆಕ್ಕ ಬಹುತೇಕ ತಪ್ಪಾಗುತ್ತದೆ, ಮತ್ತು ಆ ತಪ್ಪಿನಿಂದಲೇ ಕೆಲವರು ‘ಇನ್ನೇನು ಪ್ರಯೋಜನ’ ಎಂದು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೊರಟುಬಿಡುತ್ತಾರೆ.

ದೊಡ್ಡವರ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಬಾಯಿ, ಶ್ವಾಸಕೋಶ, ಕರುಳು, ಸ್ತನ, ಗರ್ಭಕೊರಳು ಮೊದಲಾದ ಅಂಗಗಳ ಒಳಪದರದಲ್ಲಿ ಹುಟ್ಟುತ್ತವೆ. ತಂಬಾಕು, ಮದ್ಯ, ಕೆಲವು ಸೋಂಕುಗಳು, ಬರಿಯ ವಯಸ್ಸು, ಇವೆಲ್ಲ ಹತ್ತಾರು ವರ್ಷ ಸೇರಿ ಆ ಪದರದ ಜೀವಕೋಶಗಳನ್ನು ಕೆಡಿಸುತ್ತವೆ. ನಾಲ್ಕು ವರ್ಷದ ಮಗುವಿಗೆ ಅಷ್ಟು ಕಾಲವೇ ಸಂದಿರುವುದಿಲ್ಲ. ಮಕ್ಕಳಲ್ಲಿ ಕೆಡುವುದು ಇನ್ನೂ ಬೆಳೆಯುತ್ತಿರುವ ಜೀವಕೋಶಗಳು: ರಕ್ತವನ್ನು ತಯಾರಿಸುವ ಮಜ್ಜೆಯ ಎಳೆಯ ಕಣಗಳು, ಮೂತ್ರಪಿಂಡವೋ ರೆಟಿನಾವೋ ಆಗಬೇಕಾಗಿದ್ದು ಭ್ರೂಣದ ಸ್ಥಿತಿಯಲ್ಲೇ ಉಳಿದುಬಿಟ್ಟ ಕೋಶಗಳು, ಹರೆಯದಲ್ಲಿ ಸರಸರನೆ ಉದ್ದವಾಗುವ ಮೂಳೆಯ ಕೋಶಗಳು. ಆದ್ದರಿಂದಲೇ ದೊಡ್ಡವರ ಕ್ಯಾನ್ಸರನ್ನು ಅಂಗದ ಹೆಸರಿನಿಂದ ಗುರುತಿಸುವ ನಾವು ಮಕ್ಕಳ ಕ್ಯಾನ್ಸರನ್ನು ಕೋಶದ ಜಾತಿಯಿಂದ ಗುರುತಿಸುತ್ತೇವೆ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇವುಗಳನ್ನು 12 ಮುಖ್ಯ ಗುಂಪುಗಳಾಗಿ ವಿಂಗಡಿಸಿದ್ದಾರೆ. ಜಗತ್ತಿನಲ್ಲಿ ಪ್ರತಿ ವರ್ಷ 19 ವರ್ಷದೊಳಗಿನ ಸುಮಾರು 4 ಲಕ್ಷ ಮಂದಿಗೆ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ; ಶ್ರೀಮಂತ ದೇಶಗಳಲ್ಲಿ ಅವರಲ್ಲಿ ಶೇ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಈ ಪ್ರಮಾಣ ತೀರಾ ಕಡಿಮೆಯಿರುವುದಕ್ಕೆ ರೋಗದ ಉಗ್ರತೆಗಿಂತ ತಡವಾದ ಪತ್ತೆ, ತಪ್ಪಾದ ಪತ್ತೆ ಮತ್ತು ನಡುವೆ ನಿಂತ ಚಿಕಿತ್ಸೆಗಳೇ ಹೆಚ್ಚು ಕಾರಣ.

ನಿಮ್ಮ ಮನೆಯ ವಿಷಯಕ್ಕೆ ಬರೋಣ. ಎ.ಎಲ್.ಎಲ್. ಎಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಬೇಗನೆ ಬೆಳೆಯುವ ಒಂದು ರಕ್ತದ ಕ್ಯಾನ್ಸರ್; ಬಿ-ಸೆಲ್, ಟಿ-ಸೆಲ್ ಎಂಬುವು ಅದು ಹುಟ್ಟುವ ಬಿಳಿ ರಕ್ತಕಣದ ಎರಡು ಬಗೆಗಳು. ಮಕ್ಕಳ ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ರಕ್ತದ ಕ್ಯಾನ್ಸರ್. ಅದರಲ್ಲಿ ಮುಕ್ಕಾಲು ಪಾಲು ಈ ಎ.ಎಲ್.ಎಲ್. ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು 2ರಿಂದ 5 ವರ್ಷದ ವಯಸ್ಸಿನಲ್ಲಿ. ಬಿಳಿ ರಕ್ತಕಣವಾಗಬೇಕಾದ ಎಳೆಯ ಕಣವೊಂದು ಬಲಿಯದೆ, ಸಾಯದೆ, ಒಂದೇ ಸಮನೆ ಇಮ್ಮಡಿಯಾಗುತ್ತ ಮಜ್ಜೆಯನ್ನೆಲ್ಲ ಆಕ್ರಮಿಸುತ್ತದೆ. ಕೆಂಪು ಕಣಗಳಿಗೆ ಜಾಗವಿಲ್ಲದೆ ಮಗು ಬಿಳಿಚಿಕೊಳ್ಳುತ್ತದೆ, ಪ್ಲೇಟ್‌ಲೆಟ್ ಕಡಿಮೆಯಾಗಿ ಚರ್ಮದಡಿ ನೀಲಿ ಕಲೆಗಳು ಮೂಡುತ್ತವೆ, ಒಳ್ಳೆಯ ಬಿಳಿ ಕಣಗಳಿಲ್ಲದೆ ಜ್ವರ ಬಿಡುವುದಿಲ್ಲ, ತುಂಬಿ ಬಿಗಿದ ಮಜ್ಜೆಯಿಂದ ಮೂಳೆ ನೋಯುತ್ತದೆ. ನೀವು ಬರೆದಿರುವ ಮೂರು ಲಕ್ಷಣಗಳ ಮೂಲವೂ ಮಜ್ಜೆಯೇ.

ಇಲ್ಲಿ ಒಂದು ಮಾತನ್ನು ಇತರ ಓದುಗರಿಗಾಗಿ ಸೇರಿಸಬೇಕು. ಕಾಲು ನೋವು, ಕೀಲು ಊತ ಎಂದು ಬಂದ ಮಗುವಿಗೆ ರಕ್ತಪರೀಕ್ಷೆಯನ್ನೂ ಮಾಡದೆ ಸ್ಟೀರಾಯ್ಡ್ ಮಾತ್ರೆ ಅಥವಾ ಸಿರಪ್ ಕೊಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಸ್ಟೀರಾಯ್ಡ್ ಎ.ಎಲ್.ಎಲ್.ಗೂ ಔಷಧವೇ, ಹಾಗಾಗಿ ಮಗು ನಾಲ್ಕು ದಿನ ಲವಲವಿಕೆಯಿಂದ ಓಡಾಡುತ್ತದೆ, ಮಜ್ಜೆಯ ಪರೀಕ್ಷೆ ಮಾಡಿದರೂ ರೋಗ ಸರಿಯಾಗಿ ಕಾಣದೆ ಹೋಗಬಹುದು, ಕೆಲವು ವಾರಗಳ ನಂತರ ಕಾಯಿಲೆ ಮರಳುವ ಹೊತ್ತಿಗೆ ಅದರ ನಿಜವಾದ ತೀವ್ರತೆಯನ್ನು ಅಂದಾಜಿಸುವುದು ಕಷ್ಟವಾಗುತ್ತದೆ. ಮೂರು ದಿನದ ಸುಖಕ್ಕಾಗಿ ಮೂರು ವಾರ ಕಳೆದುಕೊಂಡ ಮಕ್ಕಳನ್ನು ನೋಡಿ ನೋಡಿ ನನಗೆ ಈ ವಿಷಯದಲ್ಲಿ ಸಹನೆ ಉಳಿದಿಲ್ಲ.

‘ಯಾವ ಸ್ಟೇಜ್’ ಎಂಬ ಪ್ರಶ್ನೆ ಲ್ಯುಕೇಮಿಯಾಕ್ಕೆ ಹೊಂದುವುದೇ ಇಲ್ಲ. ಗೆಡ್ಡೆಯಾದರೆ ಎಲ್ಲಿಂದ ಎಲ್ಲಿಗೆ ಹರಡಿತು ಎಂದು ಹೇಳಬಹುದು. ರಕ್ತ ಮೊದಲ ದಿನದಿಂದಲೇ ಮೈತುಂಬ ಹರಿಯುತ್ತಿರುತ್ತದೆ. ಅದರ ಬದಲು ನಾವು ಅಪಾಯದ ಗುಂಪುಗಳನ್ನು ಮಾಡುತ್ತೇವೆ. ಮಗುವಿನ ವಯಸ್ಸು 1ರಿಂದ 10 ವರ್ಷದೊಳಗಿದ್ದು, ರೋಗ ಪತ್ತೆಯಾದ ದಿನದ ಬಿಳಿ ಕಣಗಳ ಸಂಖ್ಯೆ ರಕ್ತದ ಪ್ರತಿ ಮೈಕ್ರೋಲೀಟರಿಗೆ 50,000ಕ್ಕಿಂತ ಕಡಿಮೆಯಿದ್ದರೆ ಅದು ಅನುಕೂಲಕರ. ನಂತರ ರೋಗಕಣದ ವರ್ಣತಂತುಗಳನ್ನು ನೋಡುತ್ತಾರೆ. ಕೆಲವು ಬದಲಾವಣೆಗಳು ಒಳ್ಳೆಯ ಸೂಚನೆ. ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಉಂಟಾದ ‘ಫಿಲಡೆಲ್ಫಿಯಾ ವರ್ಣತಂತು’ ಕಂಡರೆ ಇಮ್ಯಾಟಿನಿಬ್ ಎಂಬ ಮಾತ್ರೆಯನ್ನು ಸೇರಿಸಬೇಕಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ತಿಳಿಸುವುದು, ಮೊದಲ 4–5 ವಾರಗಳ ಚಿಕಿತ್ಸೆ ಮುಗಿದಾಗ ಮಾಡುವ ‘ಎಂ.ಆರ್.ಡಿ.’ ಪರೀಕ್ಷೆ. ಮಜ್ಜೆಯ 10,000 ಕಣಗಳ ನಡುವೆ ಒಂದೇ ಒಂದು ರೋಗಕಣ ಅಡಗಿದ್ದರೂ ಅದನ್ನು ಈ ಪರೀಕ್ಷೆ ಹುಡುಕುತ್ತದೆ. ನಿಮ್ಮ ಅಕ್ಕ ವೈದ್ಯರಲ್ಲಿ ಕೇಳಬೇಕಾದ ಎರಡು ಪ್ರಶ್ನೆಗಳು ಇವು: ಮಗು ಯಾವ ಅಪಾಯದ ಗುಂಪಿನಲ್ಲಿದ್ದಾನೆ, ಎಂ.ಆರ್.ಡಿ. ಏನು ಬಂತು.

ಮೊದಲ ಹಂತ ಮುಗಿದಾಗ ಮಗುವಿನ ಕೆನ್ನೆಗೆ ರಂಗು ಬರುತ್ತದೆ, ರಕ್ತದ ವರದಿ ಸರಿಯಾಗುತ್ತದೆ. ಹಾಗಿದ್ದೂ ಚಿಕಿತ್ಸೆ ಒಟ್ಟು ಎರಡು, ಎರಡೂವರೆ ವರ್ಷ ನಡೆಯಬೇಕು ಎಂದಾಗ ಮನೆಯವರಿಗೆ ಸಂಶಯ ಬರುವುದು ಸಹಜ. ರೋಗ ಪತ್ತೆಯಾದಾಗ ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ರೋಗಕಣಗಳಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಮಜ್ಜೆ ಸ್ವಚ್ಛವಾಗಿ ಕಂಡಾಗಲೂ ನೂರಾರು ಕೋಟಿ ಉಳಿದಿರಬಹುದು. ಬೆನ್ನುಹುರಿಯ ನೀರಿಗೆ ಚುಚ್ಚುಮದ್ದು ಕೊಡುವುದು, ಕೊನೆಯ ಒಂದೂವರೆ ವರ್ಷ ದಿನವೂ ಒಂದು ಮಾತ್ರೆ ಮತ್ತು ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ನುಂಗಿಸುವುದು, ಇವೆಲ್ಲ ಹೀಗೆ ಉಳಿದುಕೊಂಡ ಕಣಗಳಿಗಾಗಿ. ಈ ಮೆಥೋಟ್ರೆಕ್ಸೇಟಿನ ಹಿಂದೆ ನಮ್ಮ ನೆರೆನಾಡಿನವರೊಬ್ಬರ ಶ್ರಮವಿದೆ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಡೆಸುತ್ತಿದ್ದ ಸಂಶೋಧನೆಯಿಂದ ಬಂದ ಅಮಿನಾಪ್ಟೆರಿನ್ ಎಂಬ ಔಷಧದಿಂದಲೇ ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ಲ್ಯುಕೇಮಿಯಾ ಬಂದ ಮಕ್ಕಳನ್ನು ಮೊದಲ ಬಾರಿಗೆ, ತಾತ್ಕಾಲಿಕವಾಗಿಯಾದರೂ, ಚೇತರಿಸುವಂತೆ ಮಾಡಿದರು. ಮೆಥೋಟ್ರೆಕ್ಸೇಟ್ ಅದರದೇ ಒಡಹುಟ್ಟು. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಅಂದು ಕೆಲವೇ ವಾರಗಳಲ್ಲಿ ಮಗುವನ್ನು ಕೊಲ್ಲುತ್ತಿದ್ದ ಕಾಯಿಲೆಯನ್ನು ಇಂದು ಒಳ್ಳೆಯ ಕೇಂದ್ರಗಳಲ್ಲಿ ಬಹುಪಾಲು ಮಕ್ಕಳು ದಾಟುತ್ತಾರೆ.

ರಕ್ತದ ಕ್ಯಾನ್ಸರಿನಲ್ಲೂ ಒಳಭೇದಗಳಿವೆ. ಟಿ-ಸೆಲ್ ಎ.ಎಲ್.ಎಲ್. ಹೆಚ್ಚಾಗಿ ಸ್ವಲ್ಪ ದೊಡ್ಡ ಹುಡುಗರಿಗೆ ಬರುತ್ತದೆ. ಎದೆಯೊಳಗೆ ಗೆಡ್ಡೆ ಬೆಳೆದು, ಮಲಗಿದರೆ ಉಸಿರು ಕಟ್ಟುವಂತಾಗುವುದುಂಟು. ಎ.ಎಂ.ಎಲ್. (ಅಕ್ಯೂಟ್ ಮಯೆಲಾಯ್ಡ್ ಲ್ಯುಕೇಮಿಯಾ) ಎಂಬುದು ಬೇರೆ ಜಾತಿಯ ಕಣದ ರೋಗ. ಅದರ ಚಿಕಿತ್ಸೆ ಕೆಲವೇ ತಿಂಗಳದ್ದು, ಆದರೆ ಬಹಳ ತೀಕ್ಷ್ಣವಾದದ್ದು, ವಾರಗಟ್ಟಲೆ ಆಸ್ಪತ್ರೆಯಲ್ಲೇ ಇರಬೇಕಾಗುತ್ತದೆ. ಅವಧಿ ಕಡಿಮೆಯೆಂದರೆ ಕಾಯಿಲೆ ಸೌಮ್ಯ ಎಂದಲ್ಲ. ವಾರ್ಡಿನಲ್ಲಿ ಅಮ್ಮಂದಿರು ಒಬ್ಬರ ಅವಧಿಯನ್ನು ಇನ್ನೊಬ್ಬರದರೊಂದಿಗೆ ಹೋಲಿಸಿ ನೊಂದುಕೊಳ್ಳುವುದನ್ನು ನಿಲ್ಲಿಸಲು ನಮ್ಮ ದಾದಿಯರು ಎಷ್ಟು ಹೇಳಿದರೂ ಸಾಲದು.

ಪಕ್ಕದ ಮಂಚದ ಕಿಡ್ನಿಯ ಮಗುವಿಗೆ ಇರುವುದು ಬಹುಶಃ ವಿಲ್ಮ್ಸ್ ಗೆಡ್ಡೆ. ಜರ್ಮನಿಯ ಶಸ್ತ್ರವೈದ್ಯ ಮ್ಯಾಕ್ಸ್ ವಿಲ್ಮ್ಸ್ ಅವರ ಹೆಸರಿನ ಈ ಗೆಡ್ಡೆ ಮೂರು-ನಾಲ್ಕು ವರ್ಷದ ಸುಮಾರಿನಲ್ಲಿ ಹೆಚ್ಚು. ಮಗು ಆಡಿಕೊಂಡೇ ಇರುತ್ತದೆ. ಎಣ್ಣೆ ಹಚ್ಚಿ ನೀರು ಹಾಕುವಾಗ ಅಜ್ಜಿಯ ಕೈಗೆ ಹೊಟ್ಟೆಯ ಒಂದು ಪಕ್ಕ ಗಟ್ಟಿಯಾಗಿ ಸಿಗುತ್ತದೆ. ಹಾಗೆ ಸಿಕ್ಕಿದರೆ ಅದನ್ನು ಮತ್ತೆ ಮತ್ತೆ ಅದುಮಿ ನೋಡಬಾರದು, ನೆರೆಹೊರೆಯವರಿಗೆ ತೋರಿಸಬಾರದು, ಏಕೆಂದರೆ ಮೆದುವಾದ ಈ ಗೆಡ್ಡೆ ಒಳಗೇ ಒಡೆಯುವ ಸಾಧ್ಯತೆಯಿದೆ. ಇದಕ್ಕೆ ಸ್ಟೇಜ್ ಇದೆ, ಆದರೆ ಅದರ ಅರ್ಥ ದೊಡ್ಡವರದಕ್ಕಿಂತ ಬೇರೆ. ನಾಲ್ಕನೆಯ ಹಂತದಲ್ಲಿ ಶ್ವಾಸಕೋಶಕ್ಕೆ ಹರಡಿದ್ದರೂ ಹೆಚ್ಚಿನ ಮಕ್ಕಳನ್ನು ಗುಣಪಡಿಸಲು ಸಾಧ್ಯವಿದೆ. ಐದನೆಯ ಹಂತ ಎಂದರೆ ಎರಡೂ ಮೂತ್ರಪಿಂಡಗಳಲ್ಲಿ ಗೆಡ್ಡೆ ಇದೆ ಎಂದಷ್ಟೇ.

ಅದೇ ಹೊಟ್ಟೆಯಲ್ಲಿ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲೋ ಬೆನ್ನುಮೂಳೆಯ ಇಕ್ಕೆಲದ ನರಕೋಶಗಳಲ್ಲೋ ಹುಟ್ಟುವುದು ನ್ಯೂರೋಬ್ಲಾಸ್ಟೋಮಾ. ಇದರಷ್ಟು ವಿಚಿತ್ರ ರೋಗವನ್ನು ನಾನು ಬೇರೆ ಕಾಣೆ. ಒಂದು ವರ್ಷದೊಳಗಿನ ಕೆಲವು ಕೂಸುಗಳಲ್ಲಿ ಇದು ಯಕೃತ್ತಿಗೂ ಚರ್ಮಕ್ಕೂ ಹರಡಿದ ಮೇಲೂ ಯಾವ ಔಷಧವೂ ಇಲ್ಲದೆ ತಾನಾಗಿಯೇ ಕರಗಿಹೋಗುವುದುಂಟು. ಅದೇ ರೋಗ ಮೂರು ವರ್ಷದ ಮಗುವಿನಲ್ಲಿ ಮೂಳೆಗಳಿಗೆ ಹರಡಿ, ಕಣ್ಣಿನ ಸುತ್ತ ಪೆಟ್ಟು ಬಿದ್ದಂತೆ ಕಪ್ಪು ಉಂಗುರ ಮೂಡಿಸಿಕೊಂಡು ಬಂದಾಗ, ಕೀಮೋಥೆರಪಿ, ಶಸ್ತ್ರಚಿಕಿತ್ಸೆ, ಮಜ್ಜೆಯ ಆಕರಕೋಶಗಳ ಮರುಪೂರಣ, ರೇಡಿಯೇಷನ್ ಎಲ್ಲವನ್ನೂ ಬಳಸಿದರೂ ಅನೇಕ ವೇಳೆ ಸೋಲುತ್ತೇವೆ. ಒಂದೇ ಹೆಸರು, ಮೇಲ್ನೋಟಕ್ಕೆ ಹರಡುವಿಕೆಯೂ ಒಂದೇ. ವಯಸ್ಸು ಮತ್ತು ಕೋಶದೊಳಗಿನ ಜೀನ್ ಬೇರೆಯಾದ್ದರಿಂದ ಗತಿಯೇ ಬೇರೆ.

ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾ. ಸಾಮಾನ್ಯವಾಗಿ ಎರಡು-ಮೂರು ವರ್ಷದೊಳಗೆ ಕಾಣಿಸುತ್ತದೆ. ಕಣ್ಣಿನ ಕರಿಯ ಪಾಪೆ ಮಬ್ಬು ಬೆಳಕಿನಲ್ಲಿ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುವುದು, ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಒಂದು ಕಣ್ಣು ಕೆಂಪಗೂ ಇನ್ನೊಂದು ಬಿಳಿಯಾಗಿಯೂ ಬರುವುದು, ಹೊಸದಾಗಿ ಮೆಳ್ಳೆಗಣ್ಣು ಕಾಣಿಸುವುದು, ಇವು ಇದರ ಗುರುತುಗಳು. ನಮ್ಮಲ್ಲಿ ಮೆಳ್ಳೆಗಣ್ಣನ್ನು ಅದೃಷ್ಟವೆಂದು ಬಿಟ್ಟುಬಿಡುವವರು ಇನ್ನೂ ಇದ್ದಾರೆ. ಕಣ್ಣಿನ ವೈದ್ಯರಿಗೆ ಅದೇ ವಾರ ತೋರಿಸಬೇಕು. ಕ್ಯಾನ್ಸರ್ ಎಂದ ಕೂಡಲೇ ಬಯಾಪ್ಸಿ, ಅಂದರೆ ತುಣುಕು ತೆಗೆದು ಪರೀಕ್ಷೆ, ಎನ್ನುವ ನಿಯಮಕ್ಕೆ ಇದು ಅಪವಾದ: ಕಣ್ಣೊಳಗೆ ಸೂಜಿ ಹಾಕಿದರೆ ರೋಗ ಹೊರಗೆ ಹರಡಬಹುದಾದ್ದರಿಂದ, ಅರಿವಳಿಕೆ ಕೊಟ್ಟು ಕಣ್ಣನ್ನು ನೇರವಾಗಿ ನೋಡಿಯೇ ನಿರ್ಧರಿಸುತ್ತಾರೆ.

ವಂಶದ ಪ್ರಶ್ನೆಗೆ ನಿಜವಾದ ಉತ್ತರ ಈ ಕಾಯಿಲೆಯಲ್ಲಿದೆ. ಆಲ್ಫ್ರೆಡ್ ನುಡ್ಸನ್ ಎಂಬ ವಿಜ್ಞಾನಿ 1971ರಲ್ಲಿ ರೆಟಿನೋಬ್ಲಾಸ್ಟೋಮಾವನ್ನು ಅಧ್ಯಯನ ಮಾಡಿ, ಕ್ಯಾನ್ಸರ್ ಹುಟ್ಟಲು ಕೋಶಕ್ಕೆ ಎರಡು ಪೆಟ್ಟು, ಅಂದರೆ ಎರಡು ಜೀನ್ ದೋಷ, ಬೀಳಬೇಕೆಂದು ತರ್ಕಿಸಿದರು. ಎರಡೂ ಕಣ್ಣಿಗೆ ರೋಗ ಬಂದ ಮಗು ಮೊದಲ ಪೆಟ್ಟನ್ನು ಹುಟ್ಟುವಾಗಲೇ ಮೈಯ ಎಲ್ಲ ಕೋಶಗಳಲ್ಲಿ ಹೊತ್ತು ಬಂದಿರುತ್ತದೆ. ಮುಂದೆ ಅದರ ಮಕ್ಕಳಿಗೆ ಆ ದೋಷ ದಾಟುವ ಸಂಭವ ಅರ್ಧದಷ್ಟು. ಆದ್ದರಿಂದ ಆ ಮಗುವಿನ ತಮ್ಮ ತಂಗಿಯರ ಕಣ್ಣನ್ನು ಪರೀಕ್ಷಿಸಲೇಬೇಕು. ಒಟ್ಟು ಲೆಕ್ಕದಲ್ಲಿ ಮಕ್ಕಳ ಕ್ಯಾನ್ಸರುಗಳಲ್ಲಿ ಹತ್ತರಲ್ಲಿ ಒಂದರಷ್ಟು ಮಾತ್ರ ಹೀಗೆ ಹುಟ್ಟಿನಿಂದ ಬಂದ ಜೀನ್ ದೋಷಕ್ಕೆ ಸಂಬಂಧಿಸಿದವು. ನಿಮ್ಮ ತಂದೆಯವರ ಬಾಯಿಯ ಕ್ಯಾನ್ಸರು ಮೊಮ್ಮಗನ ಎ.ಎಲ್.ಎಲ್.ಗೆ ಕಾರಣವಲ್ಲ.

ಹಾಗಾದರೆ ಕಾರಣವೇನು? ಅಕ್ಕನಿಗೆ ಇದನ್ನು ಓದಿ ಹೇಳಿ. ಎ.ಎಲ್.ಎಲ್. ಬಂದ ಅನೇಕ ಮಕ್ಕಳಲ್ಲಿ ಮೊದಲ ಬದಲಾವಣೆ ಗರ್ಭದಲ್ಲಿರುವಾಗಲೇ ಆಗಿರುತ್ತದೆ ಎಂಬುದು ಹುಟ್ಟಿದಾಗ ಹಿಮ್ಮಡಿಯಿಂದ ತೆಗೆದಿಟ್ಟ ರಕ್ತದ ಚುಕ್ಕೆಗಳನ್ನು ವರ್ಷಗಳ ನಂತರ ಪರೀಕ್ಷಿಸಿದಾಗ ತಿಳಿದುಬಂದಿದೆ. ಅಂಥ ಬದಲಾವಣೆಯಿರುವ ಕೂಸುಗಳಲ್ಲಿ ಬಹುಪಾಲು ಎಂದಿಗೂ ರೋಗಿಗಳಾಗುವುದಿಲ್ಲ. ಮುಂದೆ ಇನ್ನೊಂದು ಬದಲಾವಣೆ ಸೇರಿದವರಿಗೆ ಮಾತ್ರ ರೋಗ ಬರುತ್ತದೆ. ಬಸುರಿಯಾಗಿದ್ದಾಗ ತಿಂದ ಪಪ್ಪಾಯಿ, ಗ್ರಹಣದ ದಿನ ಹೊರಗೆ ಬಂದದ್ದು, ಮಗುವಿಗೆ ಕೊಡಿಸಿದ ಚಾಕೊಲೇಟ್, ಹಾಕಿಸಿದ ಲಸಿಕೆ, ಇವಾವುವೂ ಇದರಲ್ಲಿ ಪಾತ್ರ ವಹಿಸಿಲ್ಲ. ಇದು ಅಂಟುವ ಕಾಯಿಲೆಯೂ ಅಲ್ಲ.

ಮಿದುಳಿನ ಗೆಡ್ಡೆಗಳು ಶ್ರೀಮಂತ ದೇಶಗಳ ಲೆಕ್ಕದಲ್ಲಿ ಲ್ಯುಕೇಮಿಯಾದ ನಂತರ ಎರಡನೆಯ ಸ್ಥಾನದಲ್ಲಿವೆ. ನಮ್ಮ ಆಸ್ಪತ್ರೆಗಳ ದಾಖಲೆಗಳಲ್ಲಿ ಅವು ಕಡಿಮೆ ಕಾಣುವುದಕ್ಕೆ ನಮ್ಮ ಮಕ್ಕಳಿಗೆ ಅವು ಬರುವುದಿಲ್ಲ ಎಂಬುದಕ್ಕಿಂತ, ಬಂದದ್ದು ಪತ್ತೆಯಾಗದೆ ಹೋಗುತ್ತದೆ ಎಂಬುದೇ ದೊಡ್ಡ ಕಾರಣವಿರಬೇಕೆಂದು ನನ್ನ ಅಭಿಪ್ರಾಯ. ಬೆಳಗ್ಗೆ ಎದ್ದೊಡನೆ ತಲೆನೋವು, ವಾಂತಿ. ವಾಂತಿಯಾದ ಮೇಲೆ ಹಗುರ, ಶಾಲೆಗೂ ಹೋಗಬಹುದು. ಎರಡು ತಿಂಗಳು ಅಜೀರ್ಣಕ್ಕೆ, ಜಂತುಹುಳಕ್ಕೆ, ಶಾಲೆಯ ಭಯಕ್ಕೆ ಚಿಕಿತ್ಸೆ ನಡೆದಿರುತ್ತದೆ. ನಡಿಗೆ ತೂರಾಡಿದಾಗ ಸ್ಕ್ಯಾನ್ ಆಗುತ್ತದೆ. ಕಿರುಮೆದುಳಿನಲ್ಲಿ ಮೆಡುಲೋಬ್ಲಾಸ್ಟೋಮಾ ಇರುತ್ತದೆ. ಇದನ್ನು ಶಸ್ತ್ರಚಿಕಿತ್ಸೆ, ರೇಡಿಯೇಷನ್, ಕೀಮೋ ಮೂರನ್ನೂ ಸೇರಿಸಿ ಗುಣಪಡಿಸಲು ಸಾಧ್ಯವಿದೆ, ಆದರೆ ಬೆಳೆಯುವ ಮಿದುಳಿಗೆ ರೇಡಿಯೇಷನ್ನಿನ ಹಾನಿ ಹೆಚ್ಚಾದ್ದರಿಂದ ಮೂರು ವರ್ಷದೊಳಗಿನ ಮಕ್ಕಳಲ್ಲಿ ಅದನ್ನು ಆದಷ್ಟು ತಪ್ಪಿಸುತ್ತಾರೆ. ನರಕೋಶಗಳಿಗೆ ಆಸರೆಯಾದ ಕೋಶಗಳಿಂದ ಹುಟ್ಟಿ ನಿಧಾನವಾಗಿ ಬೆಳೆಯುವ ಗ್ಲಯೋಮಾಗಳಲ್ಲಿ ಕೆಲವಕ್ಕೆ ಶಸ್ತ್ರಚಿಕಿತ್ಸೆಯೊಂದೇ ಸಾಕು. ಮಿದುಳಿನ ಕಾಂಡದಲ್ಲಿ ಹಬ್ಬುವ ಒಂದು ಬಗೆಯ ಗ್ಲಯೋಮಾಕ್ಕೆ ಮಾತ್ರ ಇಂದಿಗೂ ಗುಣಪಡಿಸುವ ಚಿಕಿತ್ಸೆ ಇಲ್ಲ. ಅದನ್ನು ತಂದೆತಾಯಿಗೆ ಮುಚ್ಚಿಡದೆ ಹೇಳಬೇಕು.

ಕುತ್ತಿಗೆಯ ಗಂಟಿನ ಹುಡುಗನೊಬ್ಬನೂ ಆ ವಾರ್ಡಿನಲ್ಲಿ ಇದ್ದರೆ ಅದು ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್, ಇರಬಹುದು. ನಮ್ಮ ದೇಶದಲ್ಲಿ ಕುತ್ತಿಗೆಯ ಗಂಟು ಎಂದರೆ ಮೊದಲು ನೆನಪಾಗುವುದು ಕ್ಷಯ, ಮತ್ತು ಅನೇಕ ವೇಳೆ ಅದು ಕ್ಷಯವೇ ಆಗಿರುತ್ತದೆ. ತೊಂದರೆಯಾಗುವುದು, ಗಂಟಿನ ತುಣುಕನ್ನು ತೆಗೆದು ಪರೀಕ್ಷಿಸದೆಯೇ ಆರು ತಿಂಗಳ ಕ್ಷಯದ ಮಾತ್ರೆ ಆರಂಭಿಸಿದಾಗ. ಹಾಜ್ಕಿನ್ ಲಿಂಫೋಮಾ ನಿಧಾನವಾಗಿ ಬೆಳೆಯುವ, ಹತ್ತರಲ್ಲಿ ಒಂಬತ್ತು ಮಕ್ಕಳನ್ನು ಗುಣಪಡಿಸಬಹುದಾದ ರೋಗ. ಬರ್ಕಿಟ್ ಲಿಂಫೋಮಾ ಅದಕ್ಕೆ ತದ್ವಿರುದ್ಧ: ಅದರ ಗೆಡ್ಡೆ ಒಂದೆರಡು ದಿನಗಳಲ್ಲೇ ಇಮ್ಮಡಿಯಾಗಬಲ್ಲದು, ಮೊನ್ನೆ ಸರಿಯಾಗಿದ್ದ ಹೊಟ್ಟೆ ಈ ವಾರ ಉಬ್ಬಿರುತ್ತದೆ. ಅಷ್ಟು ಬೇಗ ಬೆಳೆಯುವುದರಿಂದಲೇ ಕೀಮೋಗೆ ಅಷ್ಟೇ ಬೇಗ ಕರಗುತ್ತದೆ ಕೂಡ.

ಮಂಡಿಯ ಹುಡುಗನದು ಆಸ್ಟಿಯೋಸಾರ್ಕೋಮಾ ಇರಬಹುದು, ಈವಿಂಗ್ ಸಾರ್ಕೋಮಾವೂ ಇರಬಹುದು. ಮೊದಲನೆಯದು ಹರೆಯದಲ್ಲಿ, ಮಂಡಿಯ ಮೇಲೆ ಕೆಳಗೆ ಹೆಚ್ಚು. ಆಡುವಾಗ ಬಿದ್ದದ್ದೇ ಕಾರಣವೆಂದು ಮನೆಯವರು ನಂಬಿರುತ್ತಾರೆ. ಬಿದ್ದದ್ದು ಗಮನ ಸೆಳೆಯಿತೇ ಹೊರತು ಗೆಡ್ಡೆಯನ್ನು ಹುಟ್ಟಿಸಲಿಲ್ಲ. ರಾತ್ರಿ ನಿದ್ದೆಗೆಡಿಸುವ, ಒಂದೇ ಕಾಲಿನ, ವಾರಗಳಾದರೂ ಹೋಗದ ನೋವಿಗೆ ಎಕ್ಸ್-ರೇ ಬೇಕು, ಎಣ್ಣೆ ಹಚ್ಚಿ ನೀವುವುದು ಖಂಡಿತ ಬೇಡ. ಬಯಾಪ್ಸಿಯನ್ನು ಮುಂದೆ ಶಸ್ತ್ರಚಿಕಿತ್ಸೆ ಮಾಡುವ ತಂಡವೇ ಮಾಡಿದರೆ ಕಾಲನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಸ್ನಾಯುವಿನ ರ‍್ಯಾಬ್ಡೋಮಯೋಸಾರ್ಕೋಮಾ, ಯಕೃತ್ತಿನ ಹೆಪಟೋಬ್ಲಾಸ್ಟೋಮಾ, ಅಂಡಾಶಯ ಮತ್ತು ವೃಷಣಗಳ ಜರ್ಮ್ ಸೆಲ್ (ಅಂಡ, ವೀರ್ಯಾಣುಗಳಾಗಬೇಕಾದ ಕೋಶಗಳ) ಗೆಡ್ಡೆಗಳು, ಇವೂ ವಿರಳವಾದವೇ. ಕೊನೆಯ ಎರಡರಲ್ಲಿ ಹೆಚ್ಚಿನವನ್ನು ಎ.ಎಫ್.ಪಿ. ಎಂಬ ರಕ್ತಪರೀಕ್ಷೆ ಸೂಚಿಸಬಲ್ಲದು.

ಬೆಂಗಳೂರಿನಲ್ಲಿರುವುದು ಈ ವಿಷಯದಲ್ಲಿ ಅನುಕೂಲವೇ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಲ್ಲಿ ಮಕ್ಕಳ ಕ್ಯಾನ್ಸರಿಗೆ ಪ್ರತ್ಯೇಕ ವಿಭಾಗವಿದೆ. ಅದರ ಆಸುಪಾಸಿನಲ್ಲೇ ಮಿದುಳಿನ ಶಸ್ತ್ರಚಿಕಿತ್ಸೆಗೆ ನಿಮ್ಹಾನ್ಸ್, ಮಕ್ಕಳಿಗಾಗಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಊರ ಇನ್ನೊಂದು ಕಡೆ ಕಣ್ಣಿಗೆ ಮಿಂಟೋ ಇವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಈ ಯೋಜನೆಗೆ ನೆರವಾಗುವ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲ ವಾರದಲ್ಲೇ ಕಂಡು ಕಾಗದಪತ್ರಗಳನ್ನು ಸಲ್ಲಿಸುವುದು ಒಳ್ಳೆಯದು.

ಇನ್ನು ಅವನ ತಂಗಿಯ ವಿಷಯ. ಎ.ಎಲ್.ಎಲ್. ಬಂದ ಮಗುವಿನ ಒಡಹುಟ್ಟಿದವರಿಗೆ ಅದೇ ರೋಗ ಬರುವ ಸಂಭವ ಬಹಳ ಕಡಿಮೆ. ಗರ್ಭದಲ್ಲಿ ಒಂದೇ ಮಾಸುವನ್ನು (ಪ್ಲಾಸೆಂಟಾ) ಹಂಚಿಕೊಂಡು ಹುಟ್ಟಿದ ತದ್ರೂಪಿ ಅವಳಿಗಳು ಮಾತ್ರ ಇದಕ್ಕೆ ಹೊರತು. ಆರೋಗ್ಯವಾಗಿರುವ ಹೆಣ್ಣುಮಗುವಿನ ರಕ್ತವನ್ನು ತಿಂಗಳು ತಿಂಗಳು ಪರೀಕ್ಷಿಸುವುದರಿಂದ ಪ್ರಯೋಜನವಿಲ್ಲ. ಅವಳಿಂದ ಅಣ್ಣನಿಗೆ ತಾಗಬಹುದಾದ ಸೋಂಕುಗಳ ಕಡೆ ಗಮನವಿರಲಿ. ಅವಳ ಲಸಿಕೆಗಳನ್ನು ನಿಲ್ಲಿಸಬಾರದು, ಆದರೆ ಪ್ರತಿ ಲಸಿಕೆಗೂ ಮುನ್ನ, ಪೋಲಿಯೊ ಹನಿಗೂ ಸೇರಿ, ಅಣ್ಣನ ವೈದ್ಯರನ್ನು ಕೇಳಬೇಕು. ಅವಳಿಗಾಗಲಿ, ಓಣಿಯಲ್ಲಿ ಆಡುವ ಬೇರೆ ಮಗುವಿಗಾಗಲಿ ಸಿಡುಬಿನಂಥ ಗುಳ್ಳೆಗಳೆದ್ದು ಅದು ಚಿಕನ್‌ಪಾಕ್ಸ್ ಎಂದು ಅನುಮಾನ ಬಂದರೆ, ಮನೆಯಲ್ಲಿ ಅದನ್ನು ‘ಅಮ್ಮ’ ಎಂದು ಕರೆದು ಆಸ್ಪತ್ರೆಗೆ ತಿಳಿಸದೆ ಕೂರಬಾರದು. ಅದೇ ದಿನ ವಾರ್ಡಿಗೆ ಫೋನ್ ಮಾಡಬೇಕು: ಸೋಂಕು ತಗಲಿದ ಮೊದಲ ಮೂರು-ನಾಲ್ಕು ದಿನಗಳೊಳಗೆ ಅಣ್ಣನಿಗೆ ರಕ್ಷಣೆಯ ಚುಚ್ಚುಮದ್ದು ಕೊಡಲು ಅವಕಾಶವಿರುತ್ತದೆ. ಹಾಗೆಯೇ ಅವನ ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಸಮಯ ರಾತ್ರಿ ಎರಡು ಗಂಟೆಯಾಗಿದ್ದರೂ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಹೊರಡಿ. ಅಲ್ಲಿ ಮೊದಲು ಸಿಗುವ ವೈದ್ಯರಿಗೆ ಮಗು ಕೀಮೋದಲ್ಲಿದೆ ಎಂದೂ ರೋಗದ ಪೂರ್ಣ ಹೆಸರನ್ನೂ ಹೇಳಿ.